ಎಫ್-35: ಕಾರ್ಖಾನೆ ಅದೇ, ಕಥೆಯೂ ಅದೇ

2025ರ ಜೂನ್ 14ರ ರಾತ್ರಿ ಬ್ರಿಟನ್ನಿನ ಒಂದು ಎಫ್-35ಬಿ ಯುದ್ಧವಿಮಾನ ತಿರುವನಂತಪುರದಲ್ಲಿ ಇಳಿಯಿತು. ಸಮುದ್ರದಲ್ಲಿದ್ದ ತನ್ನ ಹಡಗಿಗೆ ವಾಪಸ್ ಹೋಗಲು ಹವಾಮಾನ ಬಿಟ್ಟಿರಲಿಲ್ಲ. ಇಳಿದ ಮೇಲೆ ಹೈಡ್ರಾಲಿಕ್ ವ್ಯವಸ್ಥೆ ಕೈಕೊಟ್ಟಿತು. ಹಡಗಿನಿಂದ ಬಂದವರ ಕೈಯಲ್ಲಿ ರಿಪೇರಿ ಆಗಲಿಲ್ಲ. ಬ್ರಿಟನ್ನಿನಿಂದಲೇ ಎಂಜಿನಿಯರ್‌ಗಳ ತಂಡ ಬರಬೇಕಾಯಿತು. ವಿಮಾನ ಮತ್ತೆ ಮೇಲೇರಿದ್ದು ಜುಲೈ 22ಕ್ಕೆ. ಅಷ್ಟರಲ್ಲಿ ಕೇರಳದ ಪ್ರವಾಸೋದ್ಯಮ ಇಲಾಖೆಯೂ ಅದರ ಮೇಲೆ ಮೀಮ್ ಮಾಡಿತ್ತು. ನಮ್ಮ ವಾಟ್ಸಾಪ್ ಗುಂಪುಗಳಲ್ಲೂ ಅದು ಓಡಾಡಿತು.

ಯಾವ ವಿಮಾನವಾದರೂ ಕೆಡಬಹುದು. ಅದರಲ್ಲಿ ನಗುವಂಥದ್ದೇನಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಅಮೆರಿಕ ತನಗಾಗಿ ಸುಮಾರು 2,470 ಎಫ್-35 ವಿಮಾನ ಕೊಳ್ಳುವ ಯೋಜನೆ ಹಾಕಿಕೊಂಡಿದೆ. ಅವನ್ನು ಕೊಂಡು, 2088ರವರೆಗೆ ಹಾರಿಸಿ, ನೋಡಿಕೊಳ್ಳಲು 2 ಲಕ್ಷ ಕೋಟಿ ಡಾಲರ್‌ಗಿಂತ ಜಾಸ್ತಿ ಬೇಕು. ಇದು ಆ ದೇಶದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2024ರಲ್ಲಿ ಕೊಟ್ಟ ಲೆಕ್ಕ. ನಮ್ಮ ಸಿಎಜಿ ಇದ್ದ ಹಾಗೆ ಅಲ್ಲಿ ಜಿಎಒ. ಜಗತ್ತಿನಲ್ಲಿ ಬೇರೆ ಯಾವ ಆಯುಧದ ಮೇಲೂ ಇಷ್ಟು ದುಡ್ಡು ಸುರಿದಿಲ್ಲ. ಖರ್ಚು ಕೈಮೀರುತ್ತಿದೆ ಅನ್ನೋದು ಇಪ್ಪತ್ತು ವರ್ಷಗಳಿಂದ ಎಲ್ಲರಿಗೂ ಗೊತ್ತು. ಆದರೂ ಯಾರೂ ನಿಲ್ಲಿಸಲಿಲ್ಲ. ಯಾಕೆ?

ಉತ್ತರ ಬೇಕಾದರೆ ಟೆಕ್ಸಾಸ್ ರಾಜ್ಯದ ಫೋರ್ಟ್ ವರ್ತ್ ಊರಿಗೆ ಹೋಗಬೇಕು. ಎಫ್-35 ತಯಾರಾಗುವುದು ಅಲ್ಲಿ. ಅರವತ್ತು ವರ್ಷಗಳ ಹಿಂದೆ ಅದೇ ಕಾರ್ಖಾನೆಯಲ್ಲಿ ಇನ್ನೊಂದು ವಿಮಾನದ ಕಥೆ ಹೆಚ್ಚೂಕಡಿಮೆ ಹೀಗೇ ನಡೆದಿತ್ತು.

ಆಗ ರಕ್ಷಣಾ ಸಚಿವರಾಗಿದ್ದವರು ರಾಬರ್ಟ್ ಮೆಕ್‌ನಮಾರಾ. ಫೋರ್ಡ್ ಕಾರ್ ಕಂಪನಿಯಿಂದ ಬಂದವರು. ವಾಯುಪಡೆಗೆ ಒಂದು ವಿಮಾನ, ನೌಕಾಪಡೆಗೆ ಇನ್ನೊಂದು ಯಾಕೆ, ಇಬ್ಬರಿಗೂ ಒಂದೇ ಮಾಡಿದರೆ ದುಡ್ಡು ಉಳಿಯುತ್ತಲ್ಲ ಎಂಬುದು ಅವರ ಯೋಚನೆ. ಆ ಯೋಜನೆಯ ಹೆಸರು ಟಿಎಫ್ಎಕ್ಸ್. ಮುಂದೆ ಅದೇ ಎಫ್-111 ಆಯಿತು. ಬೋಯಿಂಗ್ ಮತ್ತು ಜನರಲ್ ಡೈನಾಮಿಕ್ಸ್ ಕಂಪನಿಗಳ ನಡುವೆ ಪೈಪೋಟಿ. ಸೇನೆಯ ಆಯ್ಕೆ ಮಂಡಳಿ ಬೋಯಿಂಗ್ ಒಳ್ಳೆಯದು ಎಂದಿತು. 1962ರ ನವೆಂಬರ್‌ನಲ್ಲಿ ಗುತ್ತಿಗೆ ಸಿಕ್ಕಿದ್ದು ಮಾತ್ರ ಜನರಲ್ ಡೈನಾಮಿಕ್ಸ್‌ಗೆ. ಪ್ರಯಾಣಿಕ ವಿಮಾನದ ವ್ಯಾಪಾರದಲ್ಲಿ ಭಾರಿ ನಷ್ಟ ಮಾಡಿಕೊಂಡು ಕೂತಿದ್ದ ಕಂಪನಿ ಅದು. ಅದರ ಕಾರ್ಖಾನೆ ಇದ್ದದ್ದು ಫೋರ್ಟ್ ವರ್ತ್‌ನಲ್ಲಿ. ಉಪಾಧ್ಯಕ್ಷ ಲಿಂಡನ್ ಜಾನ್ಸನ್ ಟೆಕ್ಸಾಸ್‌ನವರು. ನೌಕಾಪಡೆಯ ಕಾರ್ಯದರ್ಶಿ ಫ್ರೆಡ್ ಕೋರ್ತ್ ಅದೇ ಊರಿನ ಒಂದು ಬ್ಯಾಂಕಿನ ಅಧ್ಯಕ್ಷರಾಗಿದ್ದವರು. ಆ ಬ್ಯಾಂಕು ಜನರಲ್ ಡೈನಾಮಿಕ್ಸ್‌ಗೆ ಸಾಲ ಕೊಟ್ಟಿತ್ತು!

ಮೆಕ್‌ನಮಾರಾ ತಮ್ಮ ಕಾರಣ ಹೇಳಿದರು: ಈ ಕಂಪನಿಯ ನಕ್ಷೆಯಲ್ಲಿ ಎರಡೂ ಪಡೆಗಳ ವಿಮಾನಗಳಿಗೆ ಒಂದೇ ತರಹದ ಬಿಡಿಭಾಗಗಳು ಜಾಸ್ತಿ ಇವೆ. ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಸೆನೆಟ್ ಸಮಿತಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. 1963ರಲ್ಲಿ ತಿಂಗಳುಗಟ್ಟಲೆ ವಿಚಾರಣೆ ನಡೆಯಿತು. ಶರತ್ಕಾಲದಲ್ಲಿ ಕೋರ್ತ್ ರಾಜೀನಾಮೆ ಕೊಟ್ಟರು. ನವೆಂಬರ್ 22ರ ಬೆಳಿಗ್ಗೆ ಅಧ್ಯಕ್ಷ ಕೆನಡಿ ಫೋರ್ಟ್ ವರ್ತ್‌ನಲ್ಲೇ ಉಪಾಹಾರ ಕೂಟವೊಂದರಲ್ಲಿ ಮಾತಾಡಿದರು. ಆ ಭಾಷಣದಲ್ಲೂ ಟಿಎಫ್ಎಕ್ಸ್ ಹೆಸರು ಬಂತು. ಅಲ್ಲಿಂದ ಅವರು ಹೋದದ್ದು ಡಲ್ಲಾಸ್‌ಗೆ. ಮಧ್ಯಾಹ್ನದ ಹೊತ್ತಿಗೆ ಅವರ ಹತ್ಯೆಯಾಗಿತ್ತು, ಜಾನ್ಸನ್ ಅಧ್ಯಕ್ಷರಾಗಿದ್ದರು. ವಿಚಾರಣೆ ಅಲ್ಲಿಗೆ ತಣ್ಣಗಾಯಿತು.

ವಿಮಾನದ ಗತಿ ಏನಾಯಿತು? ನೌಕಾಪಡೆಗೆ ಅದು ತೀರಾ ಭಾರವಾಯಿತು. 1968ರಲ್ಲಿ ಅವರು ಕೈಬಿಟ್ಟರು. 1,700ಕ್ಕೂ ಹೆಚ್ಚು ವಿಮಾನ ಮಾಡುವ ಯೋಜನೆ 563ಕ್ಕೆ ಇಳಿಯಿತು. ಎಫ್-111 ಮುಂದೆ ಬಾಂಬರ್ ಆಗಿ ಚೆನ್ನಾಗಿಯೇ ಕೆಲಸ ಮಾಡಿತು, ಆಸ್ಟ್ರೇಲಿಯಾ 2010ರವರೆಗೂ ಹಾರಿಸಿತು. ಆದರೆ ದುಡ್ಡು ಉಳಿಸಲು ಹುಟ್ಟಿದ ಯೋಜನೆ ದುಡ್ಡು ಉಳಿಸಲಿಲ್ಲ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಅದೇ ದಶಕದಲ್ಲಿ ಜಾರ್ಜಿಯಾ ರಾಜ್ಯದ ಮೆರಿಯೆಟಾದಲ್ಲಿ ಲಾಕ್‌ಹೀಡ್ ಕಂಪನಿ ಸಿ-5ಎ ಎಂಬ ದೈತ್ಯ ಸರಕು ವಿಮಾನ ಕಟ್ಟುತ್ತಿತ್ತು. ಸೆನೆಟ್‌ನ ಸಶಸ್ತ್ರ ಸೇವೆಗಳ ಸಮಿತಿಯ ಅಧ್ಯಕ್ಷ ರಿಚರ್ಡ್ ರಸೆಲ್ ಜಾರ್ಜಿಯಾದವರು. ಅರ್ನೆಸ್ಟ್ ಫಿಟ್ಜ್‌ಜೆರಾಲ್ಡ್ ಎಂಬುವರು ವಾಯುಪಡೆಯಲ್ಲಿ ಖರ್ಚಿನ ಲೆಕ್ಕ ನೋಡುವ ಅಧಿಕಾರಿ. 1968ರ ನವೆಂಬರ್‌ನಲ್ಲಿ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ಅವರ ಸಮಿತಿ ಫಿಟ್ಜ್‌ಜೆರಾಲ್ಡ್ ಅವರನ್ನು ಕರೆದು ಕೇಳಿತು: ಖರ್ಚು ಅಂದಾಜಿಗಿಂತ 200 ಕೋಟಿ ಡಾಲರ್ ಜಾಸ್ತಿ ಹೋಗಬಹುದಾ? ಹೋಗಬಹುದು ಅಂದರು. ಅಷ್ಟೇ ಅವರು ಮಾಡಿದ ತಪ್ಪು.

ಕೆಲವೇ ದಿನಗಳಲ್ಲಿ ಪತ್ರ ಬಂತು. ನಿಮ್ಮ ಹುದ್ದೆ ಕಾಯಂ ಅಂತ ತೋರಿಸಿದ್ದು ಕಂಪ್ಯೂಟರಿನ ತಪ್ಪು ಅಂತ. ಸಿ-5ಎ ಲೆಕ್ಕ ನೋಡುತ್ತಿದ್ದವರನ್ನು ಥಾಯ್ಲೆಂಡಿನ ಸೇನಾ ನೆಲೆಯ ಬೌಲಿಂಗ್ ಆಟದ ಮನೆಯ ಖರ್ಚು ನೋಡಲು ಹಾಕಿದರು. ಕೊನೆಗೆ ಕೆಲಸವನ್ನೇ ತೆಗೆದರು. ಅವರು ಸುಮ್ಮನಾಗಲಿಲ್ಲ. ಹೋರಾಡಿ ಕೆಲಸಕ್ಕೆ ವಾಪಸ್ ಬಂದರು. ಅಧ್ಯಕ್ಷ ನಿಕ್ಸನ್ ಮೇಲೆ ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1982ರಲ್ಲಿ ತೀರ್ಪು ಅವರ ವಿರುದ್ಧ ಬಂತು: ಅಧಿಕಾರದಲ್ಲಿದ್ದಾಗ ಅಧ್ಯಕ್ಷರು ಮಾಡಿದ ಅಧಿಕೃತ ಕೆಲಸಕ್ಕೆ ಪರಿಹಾರ ಕೇಳುವ ಹಾಗಿಲ್ಲ. ಒಂದು ಸರಕು ವಿಮಾನದ ಲೆಕ್ಕ ಸರಿಯಾಗಿ ಹೇಳಿದ್ದರಿಂದ ಶುರುವಾದ ಜಗಳ ಅಮೆರಿಕದ ಕಾನೂನಿನಲ್ಲೇ ಒಂದು ಮೈಲಿಗಲ್ಲಾಗಿ ಕೂತಿದೆ. ಇತ್ತ ಸಿ-5ಎ ವಿಮಾನಗಳಿಗೆ 1980ರ ದಶಕದಲ್ಲಿ ಹೊಸ ರೆಕ್ಕೆ ಹಾಕಬೇಕಾಯಿತು.

ಇದೆಲ್ಲ ಹೇಗೆ ನಡೆಯುತ್ತದೆ ಅನ್ನೋದನ್ನು ಬಿಡಿಸಿ ಹೇಳಿದವರು ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ ಒಳಗೇ ಇದ್ದ ವಿಶ್ಲೇಷಕ ಚಕ್ ಸ್ಪಿನ್ನಿ. ಅವರ ಪ್ರಕಾರ ಇದರಲ್ಲಿ ಎರಡು ಪಟ್ಟುಗಳಿವೆ. ಮೊದಲು ಖರ್ಚನ್ನು ಕಡಿಮೆ ತೋರಿಸಿ, ಗುಣವನ್ನು ಹೆಚ್ಚು ಹೇಳಿ ಯೋಜನೆಗೆ ಒಪ್ಪಿಗೆ ತೆಗೆದುಕೊಳ್ಳುವುದು. ಆಮೇಲೆ, ನಿಜವಾದ ಲೆಕ್ಕ ಹೊರಗೆ ಬರುವ ಮೊದಲೇ, ಬಿಡಿಭಾಗಗಳ ಗುತ್ತಿಗೆಯನ್ನು ಎಷ್ಟು ಸಾಧ್ಯವೋ ಅಷ್ಟು ಕ್ಷೇತ್ರಗಳಿಗೆ ಹಂಚಿಬಿಡುವುದು. ಲೆಕ್ಕ ಬಯಲಾಗುವ ಹೊತ್ತಿಗೆ ಯೋಜನೆ ನಿಲ್ಲಿಸಿ ಅಂತ ಹೇಳುವ ಧೈರ್ಯ ಯಾವ ಸಂಸದನಿಗೂ ಇರುವುದಿಲ್ಲ. ತನ್ನೂರಿನಲ್ಲೇ ಐನೂರು ಜನರ ಕೆಲಸ ಹೋಗುತ್ತಲ್ಲ.

ಆ ಐನೂರು ಜನರ ಕೆಲಸ ಸುಳ್ಳಲ್ಲ. ವಿಮಾನ ಕಾರ್ಖಾನೆಯೊಂದು ಎಷ್ಟು ಬಡಾವಣೆಗಳ ಅನ್ನ ಅನ್ನೋದನ್ನು ಎಚ್‌ಎಎಲ್ ಜೊತೆಗೇ ಬೆಳೆದ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನನ್ನ ತಕರಾರು ಕೆಲಸಗಾರರ ಮೇಲೆ ಅಲ್ಲ. ಅವರ ಸಂಬಳವನ್ನು ಗುರಾಣಿ ಮಾಡಿಕೊಂಡು ಲೆಕ್ಕ ಮುಚ್ಚಿಡುವವರ ಮೇಲೆ.

ಬಿ-1 ಬಾಂಬರನ್ನೇ ನೋಡಿ. ದುಬಾರಿ ಅಂತ ಅಧ್ಯಕ್ಷ ಕಾರ್ಟರ್ 1977ರಲ್ಲಿ ಅದನ್ನು ರದ್ದು ಮಾಡಿದರು. 1981ರಲ್ಲಿ ರೇಗನ್ ಮತ್ತೆ ಎಬ್ಬಿಸಿದರು, 100 ವಿಮಾನ ಬಂದವು. ಬಿ-2 ಬಾಂಬರ್ 132 ಬೇಕು ಅಂದದ್ದು 21ಕ್ಕೆ ನಿಂತಿತು. ಸಂಶೋಧನೆಯ ಖರ್ಚನ್ನೂ ಸೇರಿಸಿ ಹಂಚಿದರೆ ಒಂದೊಂದಕ್ಕೆ 200 ಕೋಟಿ ಡಾಲರ್ ದಾಟಿತು.

ನಿಜಕ್ಕೂ ನಿಂತ ವಿಮಾನವೂ ಒಂದಿದೆ. ಅದು ಎಫ್-22. 2009ರಲ್ಲಿ ರಕ್ಷಣಾ ಸಚಿವ ರಾಬರ್ಟ್ ಗೇಟ್ಸ್ 187ಕ್ಕೆ ಸಾಕು ಅಂದರು. ಇರಾಕ್ ಮತ್ತು ಅಫ್ಘಾನಿಸ್ತಾನದಲ್ಲಿ ಎರಡು ಯುದ್ಧ ನಡೆಯುತ್ತಿದ್ದರೂ ಈ ವಿಮಾನ ಅಲ್ಲಿಗೆ ಒಂದು ಸಲವೂ ಹೋಗಿರಲಿಲ್ಲ. ಆದರೂ ಸೆನೆಟ್‌ನ ಸಶಸ್ತ್ರ ಸೇವೆಗಳ ಸಮಿತಿ ಇನ್ನೂ ಏಳು ವಿಮಾನಕ್ಕೆ 175 ಕೋಟಿ ಡಾಲರ್ ಸೇರಿಸಿಬಿಟ್ಟಿತು. ಪರವಾಗಿ ನಿಂತವರು ಯಾರು? ಜಾರ್ಜಿಯಾದ ರಿಪಬ್ಲಿಕನ್ ಸೆನೆಟರ್ ಸ್ಯಾಕ್ಸ್‌ಬಿ ಚಾಂಬ್ಲಿಸ್, ಅಲ್ಲಿ ವಿಮಾನದ ಜೋಡಣೆ ಆಗುತ್ತಿತ್ತು. ಕನೆಕ್ಟಿಕಟ್‌ನ ಡೆಮಾಕ್ರಾಟ್ ಕ್ರಿಸ್ ಡಾಡ್, ಅಲ್ಲಿ ಎಂಜಿನ್ ಕಂಪನಿ ಇತ್ತು. ಪಕ್ಷ ಬೇರೆ, ಕ್ಷೇತ್ರದ ಲೆಕ್ಕ ಒಂದೇ. ಒಬಾಮಾ ವೀಟೊ ಮಾಡುತ್ತೇನೆ ಅಂತ ಹೆದರಿಸಬೇಕಾಯಿತು. ಜುಲೈ 21ರಂದು 58–40 ಮತಗಳಿಂದ ಸೆನೆಟ್ ಆ ಹಣ ತೆಗೆದುಹಾಕಿತು.

ಜನ ಇದನ್ನು ಉಳಿತಾಯದ ಗೆಲುವು ಅಂತ ಕೊಂಡಾಡಿದರು. ಗೆಲುವೇನೋ ಹೌದು, ಆದರೆ ಅದಕ್ಕೊಂದು ಬೆಲೆ ಇತ್ತು. ಎಫ್-22 ಯಾಕೆ ಬೇಡ ಅಂದರೆ ಅದಕ್ಕಿಂತ ಅಗ್ಗದ ಎಫ್-35 ಬರುತ್ತಿದೆ ಎಂಬುದು ಗೇಟ್ಸ್ ಅವರ ಮುಖ್ಯ ವಾದ. ಒಂದನ್ನು ನಿಲ್ಲಿಸಲು ಇನ್ನೊಂದನ್ನು ನಿಲ್ಲಿಸಲಾಗದ ಹಾಗೆ ಮಾಡಿಟ್ಟರು.

2001ರ ಅಕ್ಟೋಬರ್‌ನಲ್ಲಿ ಎಫ್-35ರ ಗುತ್ತಿಗೆ ಲಾಕ್‌ಹೀಡ್ ಮಾರ್ಟಿನ್ ಪಾಲಾಯಿತು. ಈ ಸಲವೂ ಸೋತದ್ದು ಬೋಯಿಂಗ್. ಫೋರ್ಟ್ ವರ್ತ್ ಕಾರ್ಖಾನೆ 1993ರಲ್ಲೇ ಲಾಕ್‌ಹೀಡ್ ಕೈಗೆ ಬಂದಿತ್ತು. ಮೆಕ್‌ನಮಾರಾ ಅವರ ಯೋಚನೆಯೂ ಮತ್ತೆ ಬಂತು, ಈ ಸಲ ಇನ್ನೂ ದೊಡ್ಡದಾಗಿ. ವಾಯುಪಡೆ, ನೌಕಾಪಡೆ, ಮರೀನ್ ಪಡೆ ಮೂವರಿಗೂ ಒಂದೇ ವಿಮಾನ. ಮರೀನ್‌ಗಳಿಗೆ ಅದು ನೇರವಾಗಿ ಕೆಳಗಿಳಿಯಬೇಕು. ನೌಕಾಪಡೆಗೆ ಹಡಗಿನ ಮೇಲೆ ಇಳಿಯಲು ದೊಡ್ಡ ರೆಕ್ಕೆ ಬೇಕು. ಒಬ್ಬರ ಬೇಡಿಕೆ ಇನ್ನೊಬ್ಬರ ವಿಮಾನಕ್ಕೆ ಹೊರೆಯಾಯಿತು. ಬಿಡಿಭಾಗಗಳು ಬಹುಪಾಲು ಒಂದೇ ಇರುತ್ತವೆ ಅಂದಿದ್ದರು. ಕೊನೆಗೆ ಬಂದದ್ದು ಮೂರು ಬೇರೆ ಬೇರೆ ವಿಮಾನ ಅನ್ನುವಷ್ಟು ವ್ಯತ್ಯಾಸ.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ಪರೀಕ್ಷೆ ಮುಗಿಯುವ ಮೊದಲೇ ವಿಮಾನ ತಯಾರಿಸಲು ಶುರು ಮಾಡಿದರು. ಪರೀಕ್ಷೆಯಲ್ಲಿ ದೋಷ ಸಿಕ್ಕಿದಾಗೆಲ್ಲ ಆಗಲೇ ಹೊರಬಂದ ವಿಮಾನಗಳನ್ನು ಬಿಚ್ಚಿ ಸರಿಮಾಡಬೇಕಾಯಿತು. ಖರ್ಚು ಸರ್ಕಾರದ್ದು. 2012ರಲ್ಲಿ ಪೆಂಟಗನ್‌ನ ಖರೀದಿ ಮುಖ್ಯಸ್ಥ ಫ್ರಾಂಕ್ ಕೆಂಡಾಲ್ ಬಹಿರಂಗವಾಗಿಯೇ ಹೇಳಿದರು, ಮೊದಲ ಪರೀಕ್ಷಾ ಹಾರಾಟಕ್ಕೂ ಮುಂಚೆ ಉತ್ಪಾದನೆಗೆ ಹಾಕಿದ್ದು ಖರೀದಿಯಲ್ಲಿ ಮಾಡಬಾರದ ತಪ್ಪು ಅಂತ. 2001ರಲ್ಲಿ ಇಡೀ ಖರೀದಿಗೆ 23,300 ಕೋಟಿ ಡಾಲರ್ ಸಾಕು ಅಂದಿದ್ದರು. 2012ರ ಹೊತ್ತಿಗೆ ವಿಮಾನಗಳ ಸಂಖ್ಯೆ ಸುಮಾರು 400ರಷ್ಟು ಕಡಿಮೆಯಾಗಿ ಖರ್ಚು 39,500 ಕೋಟಿ ದಾಟಿತ್ತು.

ಎಂಜಿನ್ ಕಥೆ ಕೇಳಿ. ಎಫ್-35ಕ್ಕೆ ಪ್ರಾಟ್ ಆ್ಯಂಡ್ ವಿಟ್ನಿ ಎಂಜಿನ್ ಇತ್ತು. ಜೊತೆಗೆ ಜನರಲ್ ಎಲೆಕ್ಟ್ರಿಕ್ ಮತ್ತು ರೋಲ್ಸ್ ರಾಯ್ಸ್ ಸೇರಿ ಇನ್ನೊಂದು ಎಂಜಿನ್ ಮಾಡುತ್ತಿದ್ದವು. ಎರಡನೆಯದು ಬೇಡ ಅಂತ ಪೆಂಟಗನ್ ವರ್ಷ ವರ್ಷವೂ ಹೇಳಿತು. ಸಂಸತ್ತು ವರ್ಷ ವರ್ಷವೂ ಹಣ ಕೊಟ್ಟಿತು. ಆ ಎಂಜಿನ್ ಮಾಡುತ್ತಿದ್ದ ಕಾರ್ಖಾನೆ ಒಹಾಯೊದಲ್ಲಿ, ಸ್ಪೀಕರ್ ಜಾನ್ ಬೇನರ್ ಅವರ ಕ್ಷೇತ್ರದ ಪಕ್ಕದಲ್ಲೇ. ಕೊನೆಗೆ 2011ರ ಫೆಬ್ರವರಿಯಲ್ಲಿ ಕೆಳಮನೆ 233–198 ಮತಗಳಿಂದ ಬೇಡ ಅಂದಿತು. ಅಷ್ಟರಲ್ಲಿ 300 ಕೋಟಿ ಡಾಲರ್ ಖರ್ಚಾಗಿತ್ತು. ಸೇನೆಯೇ ಬೇಡ ಅಂದ ವಸ್ತುವಿಗೆ!

ಪಕ್ಷ ಯಾವುದಾದರೂ ಕಥೆ ಬದಲಾಗುವುದಿಲ್ಲ. ಸೇನೆಯ ದುಂದುವೆಚ್ಚವನ್ನು ಜೀವನವಿಡೀ ಟೀಕಿಸಿದ ಬರ್ನಿ ಸ್ಯಾಂಡರ್ಸ್ ಕೂಡ ತಮ್ಮ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ಗೆ ಎಫ್-35 ಬರುವುದನ್ನು ಬೆಂಬಲಿಸಿದರು. ವಿಮಾನ ಹೇಗೂ ಬರುತ್ತೆ, ಬೇರೆ ಕಡೆ ಹೋಗುವ ಬದಲು ನಮ್ಮಲ್ಲೇ ಇರಲಿ ಎಂಬುದು ಅವರ ವಾದ. ಖರ್ಚು ಕೈಮೀರಿದೆ ಅಂತ 2016ರ ಡಿಸೆಂಬರ್‌ನಲ್ಲಿ ಟ್ವೀಟ್ ಮಾಡಿದ ಟ್ರಂಪ್ ಆಮೇಲೆ ಅದೇ ವಿಮಾನವನ್ನು ಹೊಗಳತೊಡಗಿದರು.

ವಿಮಾನ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುತ್ತಿಲ್ಲ. ಇಸ್ರೇಲ್ 2018ರಿಂದ ಯುದ್ಧದಲ್ಲಿ ಬಳಸಿದೆ. ಹತ್ತಾರು ದೇಶಗಳು ಸಾಲಿನಲ್ಲಿ ನಿಂತು ಕೊಂಡಿವೆ. ವಾಯುಪಡೆಯ ಮಾದರಿಯ ಬೆಲೆಯೂ ಒಂದು ಹಂತದಲ್ಲಿ 8 ಕೋಟಿ ಡಾಲರ್‌ಗಿಂತ ಕೆಳಗೆ ಇಳಿಯಿತು. ದುಬಾರಿಯಾದದ್ದು ಕೊಂಡ ಮೇಲಿನ ಖರ್ಚು. 2018ರಲ್ಲಿ 1.1 ಲಕ್ಷ ಕೋಟಿ ಡಾಲರ್ ಅಂದುಕೊಂಡಿದ್ದ ನಿರ್ವಹಣೆ 2023ಕ್ಕೆ 1.58 ಲಕ್ಷ ಕೋಟಿ ಆಯಿತು. ಅದೇ ವರ್ಷ ಮಾರ್ಚ್‌ನಲ್ಲಿ ನೋಡಿದರೆ ಹಾರಲು ಸಿದ್ಧವಿದ್ದ ವಿಮಾನಗಳು ಶೇ 55 ಮಾತ್ರ. ಖರ್ಚು ತಡೆಯಲಾರದೆ ಮೊದಲು ಅಂದುಕೊಂಡಷ್ಟು ಗಂಟೆ ಹಾರಿಸುವುದಿಲ್ಲ ಅಂತ ಪಡೆಗಳೇ ಲೆಕ್ಕ ಇಳಿಸಿವೆ.

ಇದಕ್ಕೆ ಒಂದು ದೊಡ್ಡ ಕಾರಣ ಹೊರಗಿನವರಿಗೆ ಕಾಣುವುದೇ ಇಲ್ಲ. ವಿಮಾನದ ತಾಂತ್ರಿಕ ಮಾಹಿತಿಯ ಹಕ್ಕನ್ನು ಸರ್ಕಾರ ಶುರುವಿನಲ್ಲೇ ಸರಿಯಾಗಿ ಕೊಂಡಿರಲಿಲ್ಲ. ಹಾಗಾಗಿ ಎಷ್ಟೋ ರಿಪೇರಿಗೆ ಸೇನೆಯ ಸ್ವಂತ ಮೆಕ್ಯಾನಿಕ್‌ಗಳು ಕಂಪನಿಯ ದಾರಿ ಕಾಯಬೇಕು. ದುಡ್ಡು ಕೊಟ್ಟು ಕೊಂಡವರೇ ಬಿಚ್ಚಿ ನೋಡಲು ಕಂಪನಿಯನ್ನು ಕೇಳಬೇಕು. ಇದು ನನಗೆ ಎಲ್ಲಕ್ಕಿಂತ ಅನ್ಯಾಯವಾಗಿ ಕಾಣುತ್ತದೆ.

ನಮಗೂ ಇದು ದೂರದ ಮಾತಲ್ಲ. 2023ರಲ್ಲಿ ಮತ್ತು 2025ರಲ್ಲಿ ಎಫ್-35 ಯಲಹಂಕದ ಏರೋ ಇಂಡಿಯಾಕ್ಕೆ ಬಂದಿತ್ತು. 2025ರ ಫೆಬ್ರವರಿಯಲ್ಲಿ ಪ್ರಧಾನಿ ಮೋದಿ ವಾಷಿಂಗ್ಟನ್‌ಗೆ ಹೋದಾಗ, ಭಾರತಕ್ಕೂ ಇದನ್ನು ಕೊಡುವ ದಾರಿ ಮಾಡುತ್ತೇವೆ ಅಂದರು ಟ್ರಂಪ್. ಔಪಚಾರಿಕ ಮಾತುಕತೆ ಏನೂ ನಡೆದಿಲ್ಲ ಅಂತ ಆಗಸ್ಟ್‌ನಲ್ಲಿ ನಮ್ಮ ಸರ್ಕಾರ ಸಂಸತ್ತಿಗೆ ತಿಳಿಸಿತು. ಮಾತುಕತೆ ಯಾವತ್ತಾದರೂ ಶುರುವಾದರೆ ವಿಮಾನದ ಬೆಲೆ ಎಷ್ಟು ಅಂತ ಕೇಳಿದರೆ ಸಾಲದು. ರಿಪೇರಿ ಯಾರು ಮಾಡುತ್ತಾರೆ, ಮಾಹಿತಿ ಯಾರ ಕೈಯಲ್ಲಿರುತ್ತೆ, ಮೂವತ್ತು ವರ್ಷ ಹಾರಿಸಲು ಎಷ್ಟಾಗುತ್ತೆ ಅಂತ ಕೇಳಬೇಕು.

ಅಮೆರಿಕದಲ್ಲಿ ಮುಂದಿನ ವಿಮಾನದ ಕೆಲಸ ಆಗಲೇ ಶುರುವಾಗಿದೆ. 2025ರ ಮಾರ್ಚ್ 21ರಂದು ಟ್ರಂಪ್ ಎಫ್-47 ಎಂಬ ಹೊಸ ಯುದ್ಧವಿಮಾನ ಘೋಷಿಸಿದರು. ಈ ಸಲ ಗೆದ್ದದ್ದು ಬೋಯಿಂಗ್. ವಿಮಾನದ ಬೆಲೆ ಎಷ್ಟು ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಹೇಳಿದರೆ ತಂತ್ರಜ್ಞಾನದ ಗುಟ್ಟು ಬಯಲಾಗುತ್ತದೆ ಎಂಬುದು ಅವರು ಕೊಟ್ಟ ಕಾರಣ.