ಎಂಬತ್ತು ಪರ್ಸೆಂಟ್ ಬಾಕ್ಸ್

ಗಣೇಶನ ಹಬ್ಬಕ್ಕೆ ಎರಡು ತಿಂಗಳು ಇರುವಾಗ ಶುರುವಾಗುತ್ತದೆ. ಬೆಂಗಳೂರಿನ ಪೀಣ್ಯದಲ್ಲಿ ಸ್ಪೀಕರ್ ಬಾಕ್ಸ್ ಮಾಡುವ ನನ್ನ ಶೆಡ್‌ಗೆ ಒಬ್ಬರು ಬರುತ್ತಾರೆ. ಮೇಜಿನ ಮೇಲೆ ಪೆನ್‌ಡ್ರೈವ್ ಇಡುತ್ತಾರೆ. "ಅಣ್ಣಾ, ಡಬಲ್ 18 ಹಾರ್ನ್ ಬಾಕ್ಸ್ ಡ್ರಾಯಿಂಗ್ ಇದೆ. ಸ್ವಲ್ಪ ಚಿಕ್ಕದು ಮಾಡಿ ಕೊಡಿ. ಒಂದು ಎಂಬತ್ತು ಪರ್ಸೆಂಟ್. ಟಾಟಾ ಏಸ್‌ನಲ್ಲಿ ಕೂರಬೇಕು. ಬೇಸ್ ಮಾತ್ರ ಹಾಗೇ ಇರಲಿ."

ಆ ಕೊನೆಯ ಮಾತು ಬಂದ ಕೂಡಲೇ ನಾನು ಎರಡು ಟೀ ಹೇಳುತ್ತೇನೆ. ಇನ್ನು ಅರ್ಧ ಗಂಟೆ ಆಗುತ್ತದೆ ಅಂತ ಗೊತ್ತು. ಈ ಸಲ ಆ ಅರ್ಧ ಗಂಟೆಯನ್ನು ಇಲ್ಲೇ ಬರೆದುಬಿಡುತ್ತೇನೆ. ಡಬಲ್ 18 ಅಂದರೆ 18 ಇಂಚಿನ ಎರಡು ಸ್ಪೀಕರ್ ಕೂರುವ ಬಾಕ್ಸ್. ಹಾರ್ನ್ ಅಂದರೆ ಸ್ಪೀಕರ್‌ನಿಂದ ಹೊರಗಿನ ಬಾಯಿಯವರೆಗೆ ಕಹಳೆ ಹಾಗೆ ಅಗಲವಾಗುತ್ತಾ ಹೋಗುವ ದಾರಿ, ಬಾಕ್ಸ್ ಒಳಗೆ ಮಡಿಸಿರುತ್ತದೆ. ಪ್ಲೈವುಡ್ ಯಾವುದು, ಫೆವಿಕಾಲ್ ಎಷ್ಟು, ಸ್ಕ್ರೂ ಎಷ್ಟು ಇಂಚಿಗೊಂದು ಅನ್ನೋದೆಲ್ಲ ನಿಮಗೆ ಗೊತ್ತಿರುತ್ತದೆ, ಬಿಡಿ.

ಕೈಯಲ್ಲಿ ಹಲಗೆ ಕೊಯ್ಯುತ್ತಿದ್ದ ಕಾಲದಲ್ಲಿ ಈ ಕಾಟ ಇರಲಿಲ್ಲ. ಒಂದೊಂದು ಹಲಗೆಗೂ ಹೊಸದಾಗಿ ಗುರುತು ಹಾಕಬೇಕು ಅಂದಾಗ ಯಾರೂ ಅಳತೆ ಮುಟ್ಟುತ್ತಿರಲಿಲ್ಲ. ಈಗ ಕಂಪ್ಯೂಟರ್‌ನಲ್ಲಿ ಎಲ್ಲವನ್ನೂ ಸೆಲೆಕ್ಟ್ ಮಾಡಿ 0.8 ಅಂತ ಒತ್ತಿದರೆ ಮುಗಿಯಿತು. ಬಾಕ್ಸ್ ಕುಗ್ಗಿತು. ಕುಗ್ಗದೇ ಉಳಿದದ್ದು ಗಾಳಿಯಲ್ಲಿ ಹೋಗುವ ಸದ್ದಿನ ಅಲೆ ಒಂದೇ.

40 ಹರ್ಟ್ಸ್ ತಗೊಳ್ಳಿ, ಅಂದರೆ ಸೆಕೆಂಡಿಗೆ 40 ಸಲ ಅದುರುವ ಬೇಸ್. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 40ರಿಂದ ಭಾಗಿಸಿ. 8.6 ಮೀಟರ್. ಎರಡು ದೊಡ್ಡ ಕಾರು ಒಂದರ ಹಿಂದೊಂದು ನಿಲ್ಲಿಸಿದಷ್ಟು ಉದ್ದದ ಅಲೆ. ಈ ಅಲೆಯನ್ನು ಹಿಡಿದು ಹೊರಗೆ ಕಳಿಸೋಕೆ ಹಾರ್ನ್‌ಗೆ ಉದ್ದ ಬೇಕು, ಬಾಯಿ ಬೇಕು, ಮತ್ತೆ ಅದು ನಿಧಾನವಾಗಿ ಅಗಲವಾಗಬೇಕು. ಎಕ್ಸ್‌ಪೊನೆನ್ಶಿಯಲ್ ಹಾರ್ನ್ 40 ಹರ್ಟ್ಸ್‌ವರೆಗೆ ಇಳಿಯಬೇಕಾದರೆ ಒಳಗಿನ ದಾರಿಯ ಅಡ್ಡಕೊಯ್ತದ ವಿಸ್ತೀರ್ಣ ಪ್ರತಿ 47 ಸೆಂಟಿಮೀಟರ್‌ಗೆ ಎರಡರಷ್ಟಾಗಬೇಕು, ಅದಕ್ಕಿಂತ ಬೇಗ ಅಲ್ಲ. ನೀವು 0.8 ಒತ್ತಿದಿರಿ. ಈಗ ಅದು 38 ಸೆಂಟಿಮೀಟರ್‌ಗೇ ಎರಡರಷ್ಟಾಗುತ್ತಿದೆ. ಅದು 50 ಹರ್ಟ್ಸ್ ಹಾರ್ನ್.

"ಹತ್ತು ಹರ್ಟ್ಸ್ ತಾನೇ ಅಣ್ಣಾ" ಅನ್ನುತ್ತಾರೆ. ಸಂಗೀತ ಕಲಿತವರಿಗೆ ಹೇಳೋದು ಸುಲಭ. 40ರಿಂದ 50 ಅಂದರೆ ಷಡ್ಜದಿಂದ ಅಂತರ ಗಾಂಧಾರಕ್ಕೆ ಹತ್ತಿದ ಹಾಗೆ. ಕೆಳಗಿನ ಸರಿಗ ಅಷ್ಟೂ ಹೋಯಿತು. ಎದೆಗೆ ಗುದ್ದುವ ಬೇಸ್ ಇರುತ್ತದೆ, ನೆಲ ನಡುಗಿಸುವುದು ಇರುವುದಿಲ್ಲ. ಸುತ್ತಳತೆಗೆ ಎಂಬತ್ತು ಪರ್ಸೆಂಟ್ ಅಂತ ಕಂಡರೂ ಒಳಗಿನ ಗಾಳಿ ಉಳಿಯೋದು 51 ಪರ್ಸೆಂಟ್. 0.8 ಅನ್ನು ಮೂರು ಸಲ ಗುಣಿಸಿ ನೋಡಿ.

ಇನ್ನೂ ನಂಬಿಕೆ ಬರದಿದ್ದರೆ ದೇವಸ್ಥಾನದ ಮೇಲಿನ ಅಲ್ಯೂಮಿನಿಯಂ ಮೈಕು ನೆನಪಿಸಿಕೊಳ್ಳಿ. ಅದೂ ಹಾರ್ನೇ, ಒಳಗೆ ಮಡಿಸಿದ ಹಾರ್ನ್. ಬಾಯಿ ಒಂದೂವರೆ ಅಡಿ ಅಡ್ಡಳತೆ ಅಂದುಕೊಳ್ಳಿ. ಸುತ್ತಳತೆ 1.4 ಮೀಟರ್. ಬಾಯಿಯ ಸುತ್ತಳತೆಗಿಂತ ಅಲೆ ಉದ್ದವಾದಂತೆ ಹಾರ್ನ್ ಕೈಬಿಡುತ್ತಾ ಹೋಗುತ್ತದೆ. 1.4 ಮೀಟರ್ ಅಂದರೆ ಸುಮಾರು 245 ಹರ್ಟ್ಸ್. ಅದಕ್ಕೇ ಬೆಳಗಿನ ಸುಪ್ರಭಾತ ಮೂರು ಊರಾಚೆ ಕೇಳಿದರೂ ಅದರಲ್ಲಿ ಮೃದಂಗದ ಎಡಗಡೆಯ ದಪ್ಪ ಸದ್ದು ಇರುವುದೇ ಇಲ್ಲ. ತೆಂಗಿನ ಗರಿಯ ಪೀಪಿ ಮಾಡಿ ಊದಿದ ಮಕ್ಕಳಿಗೂ ಇದು ಗೊತ್ತು. ಗರಿ ಜಾಸ್ತಿ ಸುತ್ತಿದರೆ ದಪ್ಪ ಸದ್ದು, ಕಮ್ಮಿ ಸುತ್ತಿದರೆ ಕೀಚಲು.

ಇದೇ ಲೆಕ್ಕ 40 ಹರ್ಟ್ಸ್‌ಗೆ ಹಾಕಿದರೆ ಬಾಯಿಯ ಅಡ್ಡಳತೆ 2.7 ಮೀಟರ್ ಆಗಬೇಕು. ಯಾವ ಬಾಕ್ಸ್ ಹಾಗಿದೆ? ಯಾವುದೂ ಇಲ್ಲ. ನೆಲದ ಮೇಲೆ ಇಟ್ಟರೆ ಬಾಯಿಯ ವಿಸ್ತೀರ್ಣ ಅರ್ಧ ಸಾಕು, ಗೋಡೆಗೆ ಒತ್ತಿದರೆ ಕಾಲು, ಕೋಣೆಯ ಮೂಲೆಯಲ್ಲಾದರೆ ಎಂಟರಲ್ಲಿ ಒಂದು. ಅಮೆರಿಕದ ಪಾಲ್ ಕ್ಲಿಪ್ಶ್ 1946ರಲ್ಲಿ ಕ್ಲಿಪ್ಶ್‌ಹಾರ್ನ್ ಮಾರೋಕೆ ಶುರು ಮಾಡಿದಾಗ ಮೂಲೆಯ ಎರಡು ಗೋಡೆಗಳನ್ನೇ ಹಾರ್ನ್‌ನ ಮುಂದಿನ ಭಾಗವಾಗಿ ಬಳಸಿಕೊಂಡಿದ್ದ. ಮೆರವಣಿಗೆಯಲ್ಲಿ ಮೂಲೆ ಎಲ್ಲಿಂದ ತರೋಣ? ಅದಕ್ಕೇ ನಾಲ್ಕು ಆರು ಬಾಕ್ಸ್ ಒತ್ತಾಗಿ ಪೇರಿಸೋದು. ಬಾಯಿಗಳು ಸೇರಿ ಒಂದೇ ದೊಡ್ಡ ಬಾಯಿ ಆಗುತ್ತದೆ. ಅಂದರೆ ನೀವು ತಂದ ಡ್ರಾಯಿಂಗ್‌ನಲ್ಲಿ ಆಗಲೇ ಕತ್ತರಿಸಬಹುದಾದ್ದನ್ನೆಲ್ಲ ಕತ್ತರಿಸಿ ಆಗಿದೆ. ಅದರ ಮೇಲೆ ಇನ್ನೊಂದು ಇಪ್ಪತ್ತು ಪರ್ಸೆಂಟ್ ಕೇಳಬೇಡಿ.

ನಾನೂ ಒಮ್ಮೆ ಒತ್ತಿದ್ದೇನೆ, ಸುಳ್ಳು ಯಾಕೆ. ಸಿಎನ್‌ಸಿ ರೂಟರ್ ತಂದ ಹೊಸತು. ಕಂಪ್ಯೂಟರ್ ಡ್ರಾಯಿಂಗ್ ನೋಡಿ ತಾನೇ ಹಲಗೆ ಕೊಯ್ಯುವ ಮೆಷಿನ್ ಇದೆ ಅನ್ನೋ ಧಿಮಾಕು. 0.8 ಒತ್ತಿ, ನಾಲ್ಕು ಶೀಟ್ ಒಂದೇ ಬೆಳಿಗ್ಗೆ ಕೊಯ್ದೆ. ಜೋಡಿಸಲು ಕೂತರೆ ಒಂದು ಹಲಗೆಯೂ ಪಕ್ಕದ ಹಲಗೆಯಲ್ಲಿ ಕೊರೆದ ಗ್ರೂವ್‌ಗೆ ಇಳಿಯುತ್ತಿಲ್ಲ. 18 ಮಿಲಿಮೀಟರ್ ಪ್ಲೈವುಡ್ ಕೂರಬೇಕಾದ ಗ್ರೂವ್ 14.4 ಆಗಿ ಕೂತಿದೆ! ಡ್ರಾಯಿಂಗ್ ಕುಗ್ಗಿದೆ, ಪ್ಲೈವುಡ್ ಕುಗ್ಗಿಲ್ಲ. ಸ್ಪೀಕರ್ ತೂತು 425 ಇದ್ದದ್ದು 340 ಆಗಿದೆ. 15 ಇಂಚಿನ ಸ್ಪೀಕರ್‌ಗೆ ಬೇಕಾದ್ದು 352 ಹತ್ತಿರ. 18 ಇಂಚಿನ ಎಂಬತ್ತು ಪರ್ಸೆಂಟ್ 15 ಅಲ್ಲವಲ್ಲ, ಅದೂ 14.4! ಅವತ್ತು ನನ್ನ ಹೆಂಡತಿ ಊಟದ ಡಬ್ಬಿ ತಂದವಳು ನನ್ನ ಮುಖ ನೋಡಿ ಏನೂ ಕೇಳದೆ ಡಬ್ಬಿ ಇಟ್ಟು ಹೋದಳು.

ಆ ದಿನದಿಂದ ಪ್ರತಿ ಶೀಟಿಗೂ ಕ್ಯಾಲಿಪರ್ ಹಿಡಿಯುತ್ತೇನೆ. 18 ಅಂತ ಬರೆದ ಪ್ಲೈವುಡ್ 17.3 ಇರುತ್ತದೆ, ಕೆಲವು ಸಲ ಒಂದೇ ಶೀಟ್‌ನ ಎರಡು ತುದಿಗೆ ಎರಡು ಅಳತೆ. ಹಲಸಿನಹಣ್ಣು ತಟ್ಟಿ ನೋಡುವ ಹಾಗೆ ತಟ್ಟಿಯೂ ನೋಡುತ್ತೇನೆ. ಒಳಗೆ ಟೊಳ್ಳಿದ್ದರೆ ಹಾರ್ನ್ ಗುರ್ ಅನ್ನುತ್ತದೆ.

ಇನ್ನೊಂದು ಅಪಾಯ. ಹಾರ್ನ್ ಕೈಬಿಟ್ಟ ಕಡೆ ಸ್ಪೀಕರ್‌ನ ಕೋನ್‌ಗೆ ಎದುರು ಗಾಳಿಯ ಭಾರ ಇರುವುದಿಲ್ಲ. ಕುಗ್ಗಿಸಿದ ಬಾಕ್ಸ್‌ನಲ್ಲಿ ಬೇಸ್ ಕಮ್ಮಿಯಾಯಿತು ಅಂತ ನೀವು ಈಕ್ವಲೈಜರ್‌ನಲ್ಲಿ 40 ಏರಿಸುತ್ತೀರಿ. ಕೋನ್ ಅಂಕೆ ತಪ್ಪಿ ಹಾರುತ್ತದೆ. ಹರಿದ ಕೋನ್ ಹಿಡಿದುಕೊಂಡು ಬಂದು "ನಿಮ್ಮ ಪ್ಲೈವುಡ್ ಸರಿಯಿಲ್ಲ" ಅಂದವರೂ ಇದ್ದಾರೆ. ಯಾವ ಹಾರ್ನ್ ಆದರೂ ಕೆಳಗಡೆ ಹೈಪಾಸ್ ಫಿಲ್ಟರ್ ಹಾಕಿ, ಹಾರ್ನ್ ಕೈಗೆ ಸಿಗದ ತಗ್ಗು ಸದ್ದನ್ನು ಅದು ತಡೆಯುತ್ತದೆ. ಎಷ್ಟಕ್ಕೆ ಅಂತ ಬಾಕ್ಸ್, ಸ್ಪೀಕರ್ ಎರಡನ್ನೂ ನೋಡದೆ ಫೋನಿನಲ್ಲಿ ನಾನು ಹೇಳುವುದಿಲ್ಲ.

ಹಾಗಾದರೆ ಟಾಟಾ ಏಸ್ ಗತಿ? ಕುಗ್ಗಿಸಬೇಡಿ, ಸೀಳಿ. ಎರಡು ಸ್ಪೀಕರ್ ಅಕ್ಕಪಕ್ಕ ಕೂತ ಡಬಲ್ 18 ಆಗಿದ್ದರೆ ನಡುವೆ ಸೀಳಿ ಎರಡು ಸಿಂಗಲ್ ಮಾಡಬಹುದು. ಪಕ್ಕದಿಂದ ನೋಡಿದರೆ ಕಾಣುವ ಮಡಿಕೆ, ಉದ್ದ, ಏರಿಕೆ ಎಲ್ಲ ಹಾಗೇ. ಅಗಲ ಮಾತ್ರ ಅರ್ಧ. ಗ್ರೂವ್ ಇರುವ ಪಕ್ಕದ ಹಲಗೆಯ ಫೈಲ್ ಬದಲಾಗುವುದೇ ಇಲ್ಲ, ಉಳಿದ ಹಲಗೆಗಳ ಅಗಲ ಒಂದೇ ಬದಲು. ಒಂದೊಂದೇ ಬಾರಿಸಿದರೆ ಬಾಯಿ ಚಿಕ್ಕದು, ನಿಜ. ಎರಡನ್ನೂ ಒತ್ತಾಗಿ ಇಟ್ಟರೆ ಮೊದಲಿನ ಬಾಯಿ ವಾಪಸ್. ಖರ್ಚು ಸ್ವಲ್ಪ ಜಾಸ್ತಿ, ಪಕ್ಕದ ಹಲಗೆ ಎರಡು ಹೆಚ್ಚಿಗೆ ಬೇಕು. ಎಲ್ಲ ಡ್ರಾಯಿಂಗ್‌ಗೂ ಇದು ಆಗುವುದಿಲ್ಲ. ಡೇವಿಡ್ ಮೆಕ್‌ಬೀನ್ ಅನ್ನುವವರು ಪುಕ್ಕಟೆ ಕೊಡುವ, ಹಾರ್ನ್ ಎಷ್ಟು ಕೆಳಗೆ ಇಳಿಯುತ್ತದೆ ಅಂತ ಗೆರೆ ಬರೆದು ತೋರಿಸುವ ಹಾರ್ನ್‌ರೆಸ್ಪ್ ಸಾಫ್ಟ್‌ವೇರ್‌ನಲ್ಲಿ ಅಳತೆ ಹಾಕಿ, ಗೆರೆ ನೋಡಿಯೇ ಹೂಂ ಅನ್ನುತ್ತೇನೆ.

ಹೋದ ವರ್ಷ ಚನ್ನಗಿರಿ ಕಡೆಯ ಒಬ್ಬರು ಮೂರು ಸಲ ಬಂದರು. ಮೂರು ಸಲವೂ ಎಂಬತ್ತು ಪರ್ಸೆಂಟ್. ಮೂರನೇ ಸಲ ಅಡಿಕೆ ಬೇರೆ ತಂದಿದ್ದರು. ನಾನು ಹಳೇ ಎಂಬತ್ತು ಪರ್ಸೆಂಟ್ ಬಾಕ್ಸ್ ಒಂದನ್ನೂ, ಸರಿ ಅಳತೆಯದ್ದು ಒಂದನ್ನೂ ಶೆಡ್ ಮುಂದಿನ ಖಾಲಿ ಜಾಗದಲ್ಲಿಟ್ಟು ಒಂದೇ ಡೊಳ್ಳಿನ ಸದ್ದು ಕೇಳಿಸಿದೆ. ಅವರು ಹೋಗಿ ಎರಡರ ಬಾಯಿಗೂ ಕೈ ಹಿಡಿದು ನಿಂತರು. ಆಮೇಲೆ ನಾಲ್ಕು ಸಿಂಗಲ್ ಬರೆಸಿ ಅಡ್ವಾನ್ಸ್ ಕೊಟ್ಟರು.

ಹಬ್ಬ ಮುಗಿದ ಮೇಲೆ ಫೋನ್ ಬಂತು. ಬೇಸ್ ಬಗ್ಗೆ ಒಂದು ಮಾತಿಲ್ಲ. ಹ್ಯಾಂಡಲ್ ಮೂರು ಇಂಚು ಕೆಳಗಿದ್ದರೆ ಎತ್ತುವ ಹುಡುಗರಿಗೆ ಸುಲಭ ಆಗುತ್ತಿತ್ತು ಅಂದರು. ಫೈಲ್‌ನಲ್ಲಿ ಇಳಿಸಿದ್ದೇನೆ.