ಮಷೀನ್ ಚೆಕ್ ಎಂದರೆ ‘ರ‍್ಯಾಮ್ ಹೋಗಿದೆ’ ಎಂದಲ್ಲ

ಉಡುಪಿ, ಮಂಗಳೂರು ಕಡೆಯ ಕಂಪ್ಯೂಟರ್ ರಿಪೇರಿಯವರ ಬಾಯಲ್ಲಿ ಈಚೆಗೆ ‘ಮಷೀನ್ ಚೆಕ್’ (ಯಂತ್ರಾಂಶ ಕೆಟ್ಟಿದೆ ಎಂದು ಪ್ರೊಸೆಸರ್ ಕೊಡುವ ಸೂಚನೆ) ಎಂಬುದು ಎಲ್ಲ ಕಾಯಿಲೆಗೂ ಒಂದೇ ಹೆಸರಾಗಿದೆ. ಸೊಸೈಟಿಯ ಹಳೆಯ ಸರ್ವರ್ ನಿಂತರೂ ಅದೇ, ಬಿಲ್ಲಿಂಗ್ ಪ್ರೋಗ್ರಾಂ ಸೆಗ್ಮೆಂಟೇಶನ್ ಫಾಲ್ಟ್ ಎಂದು ಮುಚ್ಚಿಕೊಂಡರೂ ಅದೇ. ಮದ್ದೂ ಒಂದೇ: ರ‍್ಯಾಮ್ ಬದಲಿಸಿ. ಒಂದು ಅಂದಾಜುಪಟ್ಟಿಯಲ್ಲಿ ‘ಪೇಜ್ ಫಾಲ್ಟ್ ಜಾಸ್ತಿ, ಆದ್ದರಿಂದ ಮಷೀನ್ ಚೆಕ್’ ಎಂದು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ.

ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ ಪ್ರತಿ ಎಕ್ಸೆಪ್ಷನ್‌ಗೂ, ಅಂದರೆ ನಡೆಯುತ್ತಿರುವ ಕೆಲಸವನ್ನು ತಡೆದು ಏಳುವ ಸೂಚನೆಗೂ, ಒಂದು ಸಂಖ್ಯೆ ಇದೆ. ಪೇಜ್ ಫಾಲ್ಟ್ 14, ಮಷೀನ್ ಚೆಕ್ 18. ಎರಡರಲ್ಲೂ ಮೆಮೊರಿಯ ಮಾತು ಬರುತ್ತದೆ ಎಂಬುದನ್ನು ಬಿಟ್ಟರೆ ಅವಕ್ಕೆ ನೆಂಟಸ್ತಿಕೆ ಇಲ್ಲ. ಪ್ರೋಗ್ರಾಂ ಕೇಳಿದ ಪುಟ (ಮೆಮೊರಿಯ ಒಂದು ತುಂಡು) ಸದ್ಯ ಕೈಗೆ ಸಿಗುವಂತಿಲ್ಲದಿದ್ದರೆ 14 ಏಳುತ್ತದೆ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಪುಟವನ್ನು ಒದಗಿಸುತ್ತದೆ, ನಿಂತ ಆದೇಶ ಮತ್ತೆ ನಡೆಯುತ್ತದೆ. ಪಂಕ್ತಿಯಲ್ಲಿ ಬಡಿಸುವವನು ಸಾರಿನ ಬಾಲ್ದಿ ತುಂಬಿಸಿಕೊಳ್ಳಲು ಒಳಗೆ ಹೋದರೆ ಅಡುಗೆ ಕೆಟ್ಟಿದೆ ಎಂದು ಯಾರೂ ಏಳುವುದಿಲ್ಲ. ಆರೋಗ್ಯವಾಗಿರುವ ಯಂತ್ರದಲ್ಲೂ ಇದು ಸೆಕೆಂಡಿಗೆ ಸಾವಿರಾರು ಸಲ ನಡೆಯಬಹುದು. ಕೇಳಿದ ವಿಳಾಸದ ಮೇಲೆ ಪ್ರೋಗ್ರಾಂಗೆ ಹಕ್ಕೇ ಇಲ್ಲದಿದ್ದಾಗ ಸೆಗ್ಮೆಂಟೇಶನ್ ಫಾಲ್ಟ್. ಅದು ಬಹುಪಾಲು ಬರೆದವರ ತಪ್ಪು.

18 ಬೇರೆಯೇ ಜಾತಿ. ಯಂತ್ರಾಂಶ ತನ್ನೊಳಗಿನ ಕೆಡುಕನ್ನು ತಾನೇ ಪತ್ತೆ ಹಚ್ಚಿ ಕೂಗಿಕೊಳ್ಳುವುದು ಇದು. ಇಂಟೆಲ್ ಕೈಪಿಡಿ ಇದನ್ನು ಫಾಲ್ಟ್‌ಗಳ ಗುಂಪಿಗೆ ಸೇರಿಸಿಯೂ ಇಲ್ಲ, ಅಬಾರ್ಟ್ ಎಂದು ಬೇರೆ ಇಟ್ಟಿದೆ. ರ‍್ಯಾಮ್‌ನ ತಪ್ಪು ಹೀಗೆ ಪತ್ತೆಯಾಗಬೇಕಾದರೆ ಇಸಿಸಿ ಎಂಬ ತಪ್ಪು ತಿದ್ದುವ ವ್ಯವಸ್ಥೆ ಬೇಕು: 64 ಬಿಟ್ ದತ್ತಾಂಶಕ್ಕೆ 8 ಬಿಟ್ ಕಾವಲು. ಒಂದು ಬಿಟ್ ತಿರುಗಿದರೆ ತಿದ್ದುತ್ತದೆ, ಎರಡು ತಿರುಗಿದರೆ ವರದಿ ಮಾಡುತ್ತದೆ. ಅಂಗಡಿಗಳ ಸಾದಾ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇಸಿಸಿ ಇರುವುದಿಲ್ಲ. ಅಲ್ಲಿ ರ‍್ಯಾಮ್ ಕೆಟ್ಟರೆ ಯಾರೂ ಕೂಗುವುದಿಲ್ಲ. ಇವತ್ತು ಬ್ರೌಸರ್ ಬೀಳುತ್ತದೆ, ನಾಳೆ ಕಡತ ಹಾಳಾಗುತ್ತದೆ. ಅಂಥ ಯಂತ್ರದಲ್ಲಿ ನಿಜವಾದ 18 ಕಂಡರೆ ಮೊದಲು ಅನುಮಾನಿಸಬೇಕಾದದ್ದು ಪ್ರೊಸೆಸರ್‌ನ ಕ್ಯಾಶ್ (ಅದರೊಳಗಿನ ಪುಟ್ಟ ಮೆಮೊರಿ), ಪ್ರೊಸೆಸರ್‌ನ ಬಿಸಿ, ವಿದ್ಯುತ್ ಪೂರೈಕೆ. ನಮ್ಮವರ ಊಹೆ ಸರಿಯಾಗಿ ಹಿಂದುಮುಂದು.

ಹಳೆಯ ಕರ್ನಲ್ ಈ ಗೊಂದಲವನ್ನು ಹೆಚ್ಚಿಸುತ್ತದೆ. ಸರ್ವರ್‌ಗಳ ಲಿನಕ್ಸ್ ಆದ ಸೆಂಟ್‌ಓಎಸ್ 6ಕ್ಕೆ ಬೆಂಬಲ ನಿಂತದ್ದು 2020ರ ನವೆಂಬರ್‌ನಲ್ಲಿ, ಅದರ 2.6.32 ಕರ್ನಲ್ ಮೊದಲು ಹೊರಬಂದದ್ದು 2009ರಲ್ಲಿ. ಆಮೇಲಿನ ಪ್ರೊಸೆಸರ್‌ಗಳು ಮಷೀನ್ ಚೆಕ್ ಜೊತೆ ಕೊಡುವ, ತಪ್ಪಿನ ಬಗೆ ಹೇಳುವ ಸ್ಥಿತಿಸಂಕೇತಗಳನ್ನು ಪೂರ್ತಿ ಬಿಡಿಸುವುದು ಅದಕ್ಕೆ ಕಷ್ಟ. ತಪ್ಪು ಯಾವ ಮೆಮೊರಿ ಸ್ಲಾಟ್‌ನದ್ದು ಎಂದು ಹೇಳಬೇಕಾದ ಇಡ್ಯಾಕ್ ಚಾಲಕವೂ (ಡ್ರೈವರ್) ಹೊಸ ಮೆಮೊರಿ ಕಂಟ್ರೋಲರ್‌ಗೆ ಇರಲಿಕ್ಕಿಲ್ಲ. ಆದರೆ ಆ ಸ್ಥಿತಿಸಂಕೇತದ ಕೊನೆಯ ನಾಲ್ಕು ಹೆಕ್ಸ್ (ಹದಿನಾರರ ಲೆಕ್ಕದ) ಅಂಕಿಗಳನ್ನು ಕಣ್ಣಿನಿಂದಲೇ ಓದಬಹುದು. ಇಂಟೆಲ್‌ನಲ್ಲಿ 009 ಎಂದು ಶುರುವಾದರೆ ಮೆಮೊರಿ ಓದುವಾಗಿನ ತಪ್ಪು. 01 ಎಂದಾದರೆ ಕ್ಯಾಶ್. ಕ್ಯಾಶ್‌ಗೆ ಹೊಸ ರ‍್ಯಾಮ್ ಹಾಕಿ ಏನು ಪ್ರಯೋಜನ? ಇನ್ನು ಲಾಗ್‌ನಲ್ಲಿ ‘ಮಷೀನ್ ಚೆಕ್ ದಾಖಲಾಗಿದೆ’ ಎಂಬರ್ಥದ ಬರಿಯ ಒಂದು ಸಾಲು ಇದ್ದರೆ ಹೆಚ್ಚಾಗಿ ಅದು ಆಗಲೇ ತಿದ್ದಿದ ತಪ್ಪು. ಕರ್ನಲ್ ಇಂಥವನ್ನು ಹಲವು ಸಲ ಐದು ನಿಮಿಷಕ್ಕೊಮ್ಮೆ ಹೆಕ್ಕುವುದರಿಂದ ಅಲ್ಲಿನ ಗಂಟೆ ತಪ್ಪು ನಡೆದ ಗಂಟೆಯೇ ಆಗಿರಬೇಕಿಲ್ಲ.

ಮಷೀನ್ ಚೆಕ್ ಬರದಂತೆ ಬೂಟ್ ಸಾಲಿಗೆ ‘ಎಂಸಿಇ=ಆಫ್’ ಸೇರಿಸಿ ಎಂಬ ಸಲಹೆ ಕೇಳಿದರೆ ಮೈ ಉರಿಯುತ್ತದೆ. ಈ ಸೌಲಭ್ಯವನ್ನು ನಿಲ್ಲಿಸಿದ್ದಾಗ 18 ಎದ್ದರೆ ಪ್ರೊಸೆಸರ್ ಏನೂ ಹೇಳದೆ ಶಟ್‌ಡೌನ್ ಸ್ಥಿತಿಗೆ ಹೋಗುತ್ತದೆ, ಯಂತ್ರ ಥಟ್ಟನೆ ರೀಬೂಟ್ ಆಗುತ್ತದೆ. ಕಾಯಿಲೆ ಇದ್ದಲ್ಲೇ ಇರುತ್ತದೆ, ಚೀಟಿ ಮಾತ್ರ ಹರಿದುಹೋಗುತ್ತದೆ.

ಯಂತ್ರ ನಿಂತ ಕೂಡಲೇ ಪ್ಲಗ್ ಕೀಳುವ ಚಾಳಿಯೂ ಬಿಡಬೇಕು. ರೀಸೆಟ್ ಗುಂಡಿ ಒತ್ತಿದರೆ ಪ್ರೊಸೆಸರ್‌ನ ಬ್ಯಾಂಕುಗಳಲ್ಲಿ (ತಪ್ಪನ್ನು ಬರೆದಿಡುವ ಅದರೊಳಗಿನ ಜಾಗ) ದಾಖಲೆ ಉಳಿಯುತ್ತದೆ, ಬಯಾಸ್ ಅಳಿಸದಿದ್ದರೆ ಮುಂದಿನ ಬೂಟ್‌ನಲ್ಲಿ ಕರ್ನಲ್ ಅದನ್ನು ಹೊರಹಾಕುತ್ತದೆ. ಕರೆಂಟ್ ತೆಗೆದರೆ ಹೋಯಿತು. ಸಂಕೇತ ಮೆಮೊರಿಯದ್ದೇ ಎಂದು ಕಂಡರೂ ತಕ್ಷಣ ಖರೀದಿ ಬೇಡ. ನಮ್ಮ ಕರಾವಳಿಯ ತೇವಕ್ಕೂ ಉಪ್ಪುಗಾಳಿಗೂ ಸಂಪರ್ಕಬಿಂದುಗಳು ಮಂಕಾಗುತ್ತವೆ. ಒರೆಸಿ, ಎರಡು ಮೆಮೊರಿ ಪಟ್ಟಿಗಳ ಸ್ಲಾಟ್ ಅದಲುಬದಲು ಮಾಡಿ. ದೋಷವು ಪಟ್ಟಿಯ ಹಿಂದೆಯೇ ಹೋದರೆ ಪಟ್ಟಿ ಬದಲಿಸಿ, ಹಳೆಯ ಸ್ಲಾಟ್‌ನಲ್ಲೇ ಉಳಿದರೆ ಮದರ್‌ಬೋರ್ಡ್ ಅಥವಾ ಪ್ರೊಸೆಸರ್ ನೋಡಿ.