ಕಿಟ್ ಬಗ್ಗಿಲಿ ಟ್ರಯಲ್ಸ್ ಶುರು ಮಾಡ್ತೀರಾ? ಎಂಜಿನ್ ವಿಷ್ಯ ಆಮೇಲೆ ನೋಡೋಣ

ಬಗ್ಗಿ, ಅಂದ್ರೆ ಹಳೇ ಬೀಟಲ್ ಕಾರಿನ ತಳದ ಮೇಲೆ ಹಗುರ ಫೈಬರ್‌ಗ್ಲಾಸ್ ಬಾಡಿ ಕೂರಿಸಿದ ಗಾಡಿ, ತಗೊಂಡು ವರ್ಕ್‌ಶಾಪಿಗೆ ಬರೋ ಹೊಸಬರು ಹೆಚ್ಚುಕಮ್ಮಿ ಎಲ್ಲರೂ ಮೊದ್ಲು ಕೇಳೋದು ಒಂದೇ, ಎಂಜಿನ್ ಎಷ್ಟು ಸಿಸಿದು ಹಾಕಿಸ್ಲಿ ಅಂತ. ಇರೋದನ್ನೇ ನೀಟಾಗಿ ಟ್ಯೂನ್ ಮಾಡಿಸ್ಕೊಳ್ಳಿ, ದುಡ್ಡು ಖರ್ಚಾಗೋ ಜಾಗ ಬೇರೆ ಬೇಕಾದಷ್ಟಿದೆ ಅಂದ್ರೆ ಮುಖ ಸಪ್ಪಗೆ ಮಾಡ್ಕೋತಾರೆ. ಏನ್ಮಾಡೋದು, ಟ್ರಯಲ್ ಅಂದ್ರೆ ರೇಸ್ ಅಲ್ವಲ್ಲ. ಕೆಸರು, ಕಲ್ಲು, ಬೇರು ತುಂಬಿರೋ ಒಂದು ಕಡಿದಾದ ಏರು, ಅದಕ್ಕೆ ಸೆಕ್ಷನ್ ಅಂತಾರೆ, ಅದ್ರ ಉದ್ದಕ್ಕೂ ನಂಬರ್ ಹಾಕಿರೋ ಗೂಟಗಳು, ಕೆಳಗೆ ದೊಡ್ಡ ನಂಬರು, ಮೇಲ್ಮೇಲಕ್ಕೆ ಹೋದಂಗೆ ಚಿಕ್ಕದು, ನೀವು ಎಲ್ಲಿ ನಿಂತುಬಿಡ್ತೀರೋ ಅಲ್ಲಿನ ನಂಬರಷ್ಟು ಪೆನಾಲ್ಟಿ, ನಿಲ್ದೆ ತುದಿ ಮುಟ್ಟಿದ್ರೆ ಸೊನ್ನೆ. ಗಡಿಯಾರಕ್ಕೆ ಇಲ್ಲಿ ದೊಡ್ಡ ಕೆಲ್ಸ ಇಲ್ಲ, ಟೈ ಆದ್ರೆ ಬಿಡಿಸೋಕೆ ಒಂದೆರಡು ಟೈಮ್ಡ್ ಟೆಸ್ಟ್ ಇಡಬಹುದು ಅಷ್ಟೆ. ಹಳೇ ಆಟ ಇದು. ಇಂಗ್ಲೆಂಡಿನಲ್ಲಿ 1901ರಲ್ಲಿ ಹುಟ್ಟಿದ ಮೋಟಾರ್ ಸೈಕ್ಲಿಂಗ್ ಕ್ಲಬ್ 1908ರಲ್ಲಿ ಶುರು ಮಾಡಿದ ಲ್ಯಾಂಡ್ಸ್ ಎಂಡ್ ಟ್ರಯಲ್ ಇವತ್ತಿಗೂ ನಡೀತಿದೆ.

ಹಿಂದಿನ ಚಕ್ರಕ್ಕೆ ಹಿಡಿತ ಸಿಗಬೇಕು, ಆಟ ಇರೋದೇ ಅಲ್ಲಿ. ಬಗ್ಗಿಗೆ ಅದು ಹುಟ್ಟಿನಿಂದ್ಲೇ ಬಂದಿದೆ. 1964ರಲ್ಲಿ ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್ ಮಾಡಿದ ಮ್ಯಾಂಕ್ಸ್ ಅನ್ನೋ ಬಗ್ಗಿ ಮೊದ್ಲು ಪೂರ್ತಿ ಫೈಬರ್‌ಗ್ಲಾಸ್ ಮಾನೊಕಾಕ್ (ಬೇರೆ ಚಾಸಿ ಇಲ್ದೆ ಬಾಡಿನೇ ಭಾರ ಹೊರೋದು) ಆಗಿತ್ತು, ಖರ್ಚು ಜಾಸ್ತಿ ಅಂತ ಆಮೇಲೆ ಫೋಕ್ಸ್‌ವ್ಯಾಗನ್ ಬೀಟಲ್‌ನ ಫ್ಲೋರ್ ಪ್ಯಾನನ್ನೇ (ತಳದ ತಗಡಿನ ಚಾಸಿ) ಒಂದಡಿಗಿಂತ ಸ್ವಲ್ಪ ಜಾಸ್ತಿ ಕತ್ತರಿಸಿ, ಮತ್ತೆ ವೆಲ್ಡ್ ಮಾಡಿ, ಮೇಲೆ ಬಾಡಿ ಕೂರಿಸೋ ಕಿಟ್ ಬಂತು. ಪೇಟೆಂಟ್ ಕೇಸ್ ಅವರ ಕೈ ಹಿಡೀಲಿಲ್ಲ, ಹಂಗಾಗಿ ಕಾಪಿ ಹೊಡೆದವ್ರಿಗೆ ಲೆಕ್ಕವೇ ಇಲ್ಲ, ನಿಮ್ಮ ಕೈಗೆ ಸಿಗೋದೂ ಬಹುಶಃ ಅಂಥದ್ದೇ ಒಂದು. ಎಂಜಿನ್ ಕೂತಿರೋದು ಹಿಂದಿನ ಆಕ್ಸಲ್‌ಗಿಂತ ಹಿಂದೆ, ಮೇಲಿನ ಬಾಡಿ ಹಗುರ, ಏರು ಹತ್ತುವಾಗ ಇನ್ನಷ್ಟು ಭಾರ ಹಿಂದಕ್ಕೆ ಜಾರುತ್ತೆ. ಇಂಥ ಗಾಡಿಗೆ ಪವರ್ ಏರಿಸಿದ್ರೆ ಚಕ್ರ ಸುಮ್ನೆ ತಿರುಗಿ ಗುಂಡಿ ತೋಡುತ್ತೆ, ಗಾಡಿ ಅಲ್ಲೇ ಕೂರುತ್ತೆ.

ಅದಕ್ಕಿಂತ ಗೇರಿಂಗ್ ಕಡೆ ಗಮನ ಕೊಡಿ. ಬೀಟಲ್ 1200ರ ಗೇರ್‌ಬಾಕ್ಸಲ್ಲಿ ಫೈನಲ್ ಡ್ರೈವ್ ರೇಶಿಯೊ (ಚಕ್ರ ಒಂದು ಸುತ್ತು ಹಾಕೋಕೆ ಗೇರ್‌ಬಾಕ್ಸಿನ ಶಾಫ್ಟ್ ಎಷ್ಟು ಸುತ್ತು ತಿರುಗುತ್ತೆ ಅನ್ನೋ ಲೆಕ್ಕ, ನಂಬರ್ ದೊಡ್ಡದಾದಷ್ಟೂ ಗಾಡಿ ನಿಧಾನ, ಎಳೆತ ಜಾಸ್ತಿ) 4.375, 1500ರಂಥ ದೊಡ್ಡ ಎಂಜಿನ್ ಜೊತೆ ಬಂದಿದ್ದು 4.125. ಸ್ಪೀಡ್ ಇಷ್ಟಪಡೋರು ಮೂಲೆಗೆ ಎಸೆಯೋ ಆ 1200ರ ಬಾಕ್ಸೇ ನಮಗೆ ಬೇಕಾಗಿರೋದು, ಫಸ್ಟ್ ಗೇರಲ್ಲಿ ಇನ್ನೂ ನಿಧಾನಕ್ಕೆ ಎಳೆಯುತ್ತೆ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಚಕ್ರ ಸುಮ್ನೆ ತಿರುಗದಂಗೆ ಎರಡಕ್ಕೂ ಎಳೆತ ಹಂಚೋ ಭಾಗ) ಹಾಕಿಸೋ ಆಸೆ ಇದ್ರೆ ಮೊದ್ಲು ರೂಲ್ ಬುಕ್ ತೆಗೀರಿ, ಸುಮಾರು ಕ್ಲಾಸ್‌ಗಳಲ್ಲಿ ಅದಕ್ಕೆ ಜಾಗ ಇಲ್ಲ. ದಪ್ಪ ಗುಬುಟಿನ ಮಡ್ ಟೈರ್ ಕಥೆನೂ ಅದೇ.

ಕೊಳ್ಳುವಾಗ ಬಣ್ಣ, ಕ್ರೋಮ್ ನೋಡಿ ಮರುಳಾಗಬೇಡಿ, ನೆಲದ ಮೇಲೆ ಮಲಗಿ ನೋಡಿ. ಪ್ಯಾನ್ ಕತ್ತರಿಸಿ ಸೇರಿಸಿರೋ ವೆಲ್ಡ್ ಸಾಲು ಹೆಂಗಿದೆ, ಮಧ್ಯದಲ್ಲಿ ಉದ್ದಕ್ಕೂ ಉಬ್ಬಿರೋ ಟನಲ್ ನೇರ ಇದೆಯಾ, ಮುಂದೆ ಆಕ್ಸಲ್ ಬೀಮ್ ಬೋಲ್ಟ್ ಆಗೋ ಫ್ರೇಮ್ ಹೆಡ್ ತುಕ್ಕು ಹಿಡಿದಿದೆಯಾ, ಬಲಗಡೆ ಹಿಂದಿನ ಸೀಟ್ ಕೆಳಗೆ ಬ್ಯಾಟರಿ ಕೂರ್ತಿದ್ದ ಜಾಗ ಆ್ಯಸಿಡ್ ಬಿದ್ದು ತೂತಾಗಿದೆಯಾ. ಇಷ್ಟರಲ್ಲಿ ಒಂದು ಕೆಟ್ಟಿದ್ರೂ ಉಳಿದಿದ್ದು ಎಷ್ಟೇ ಮಿಂಚಲಿ, ನಾನಂತೂ ಬೇಡ ಅಂತೀನಿ. ಕತ್ತರಿಸಿದ ಚಾಸಿ ಆಗಿರೋದ್ರಿಂದ ರಿಜಿಸ್ಟ್ರೇಶನ್ ಪೇಪರ್‌ನಲ್ಲಿ ಇರೋದೂ ಗಾಡಿಲಿ ಇರೋದೂ ಒಂದೇನಾ ಅಂತನೂ ನೋಡ್ಕೊಳ್ಳಿ, ಒಂದು ಸೆಕ್ಷನ್ನಿಂದ ಇನ್ನೊಂದಕ್ಕೆ ಪಬ್ಲಿಕ್ ರೋಡಲ್ಲೇ ಹೋಗೋ ಟ್ರಯಲ್‌ಗಳಿವೆ.

ಇನ್ನು ಬಗ್ಗಿಗಳಲ್ಲಿ ನಾನು ಪದೇಪದೇ ನೋಡೋ ಒಂದು ತಪ್ಪು. ಬೀಟಲ್ ಎಂಜಿನ್ ತಣ್ಣಗಾಗೋದು ನೀರಿಂದಲ್ಲ, ಫ್ಯಾನ್ ಊದೋ ಗಾಳಿಯಿಂದ. ಆ ಕಾರಲ್ಲಿ ಎಂಜಿನ್ ಸುತ್ತ ತಗಡಿನ ಹೊದಿಕೆ, ರಬ್ಬರ್ ಸೀಲ್ ಎಲ್ಲಾ ಸೇರಿ ಕೆಳಗಿನ ಬಿಸಿಗಾಳಿ ಮೇಲಕ್ಕೆ ಬರದಂಗೆ ತಡೀತಿದ್ವು. ಬಗ್ಗಿ ಕಟ್ಟೋರು ಎಂಜಿನ್ ಚೆಂದ ಕಾಣ್ಲಿ ಅಂತ ಆ ತಗಡೆಲ್ಲಾ ಬಿಚ್ಚಿ ಬಿಸಾಕ್ತಾರೆ, ಆಮೇಲೆ ಫ್ಯಾನು ಬಿಸಿಗಾಳಿನೇ ಎಳ್ಕೊಂಡು ಎಂಜಿನ್ ಮೇಲೆ ಊದುತ್ತೆ. ಟ್ರಯಲ್ಲಲ್ಲಿ ಗಾಡಿ ತೆವಳ್ತಾ ಇರುತ್ತೆ, ಎದುರುಗಾಳಿ ಇಲ್ಲ, ಲೋಡ್ ಮಾತ್ರ ಜಾಸ್ತಿ, ಸಿಲಿಂಡರ್ ಹೆಡ್ ಬೇಯದೆ ಇನ್ನೇನಾಗುತ್ತೆ. ತಗಡು ಹುಡುಕಿ ತಂದು ವಾಪಸ್ ಹಾಕ್ಸಿ. ಫ್ಯಾನೂ ಜನರೇಟರೂ ಓಡೋದು ಒಂದೇ ಬೆಲ್ಟಲ್ಲಿ, ಹಂಗಾಗಿ ಚಾರ್ಜಿಂಗ್ ಕೆಂಪು ದೀಪ ಹತ್ತಿತೋ ತಕ್ಷಣ ಎಂಜಿನ್ ಆಫ್ ಮಾಡಿ ನೋಡಿ, ಒಂದು ಸ್ಪೇರ್ ಬೆಲ್ಟ್ ಗಾಡಿಲೇ ಇರ್ಲಿ. ಆಯಿಲ್ ಹಿಡಿಯೋದು ಬರೀ 2.5 ಲೀಟರ್, ದಿನಾ ಚೆಕ್ ಮಾಡಿ. ಎಂಜಿನ್ ಕೆಳಗೊಂದು ಸ್ಕಿಡ್ ಪ್ಲೇಟ್ (ಪೆಟ್ಟು ತಡೆಯೋ ಗಟ್ಟಿ ತಗಡು) ಹಾಕ್ಸಿ, ಕಲ್ಲಿಗೆ ಮೊದ್ಲು ಸಿಗೋದು ಅದೇ ಜಾಗ.

ಸೇಫ್ಟಿಗೆ ರೋಲ್ ಬಾರ್, ಪ್ಯಾನಿಗೆ ಭಾರ ಹಂಚೋ ಸ್ಪ್ರೆಡರ್ ಪ್ಲೇಟ್ ಕೊಟ್ಟು ಬೋಲ್ಟ್ ಮಾಡಿದ ಸೀಟು, ಒಳ್ಳೆ ಬೆಲ್ಟು, ಬ್ಯಾಟರಿ ಕಟ್ ಆಫ್, ಥ್ರಾಟಲ್‌ಗೆ ಎರಡನೇ ರಿಟರ್ನ್ ಸ್ಪ್ರಿಂಗ್. ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಟೋಯಿಂಗ್ ಐ ಬೇಕೇ ಬೇಕು, ಮೊದಮೊದ್ಲು ನಿಮ್ಮನ್ನ ಎಳೆದು ಹಾಕೋದು ಮಾಮೂಲಿ, ನಾಚ್ಕೊಳ್ಳೋದೇನಿಲ್ಲ.

ಟೈರ್ ಪ್ರೆಷರ್ ಇಳಿಸಿದ್ರೆ ಟೈರ್ ಅಗಲವಾಗಿ ನೆಲ ಕಚ್ಚುತ್ತೆ, ಹಿಡಿತ ಹೆಚ್ಚುತ್ತೆ. ಕನಿಷ್ಠ ಎಷ್ಟಿರಬೇಕು ಅಂತ ಸಂಘಟಕರೇ ಫಿಕ್ಸ್ ಮಾಡೋದೂ ಉಂಟು. ಜಾಸ್ತಿ ಇಳಿಸಿದ್ರೆ ರಿಮ್ ಒಳಗೆ ಟೈರ್ ಜಾರಿ ಟ್ಯೂಬ್ ವಾಲ್ವ್ ಕಿತ್ತು ಹೋಗುತ್ತೆ, ಅದೇ ಪ್ರೆಷರಲ್ಲಿ ರೋಡಿಗೆ ಬರೋದಂತೂ ಅಪಾಯ, ಪಂಪ್ ಜೊತೆಗಿರ್ಲಿ.

ಹತ್ತುವಾಗ ಏನಾಗುತ್ತೆ ಅಂದ್ರೆ ಮುಂದಿನ ಚಕ್ರ ಹಗುರ ಆಗಿ ಸ್ಟಿಯರಿಂಗ್ ಮಾತು ಕೇಳಲ್ಲ, ತಿರುವಲ್ಲಿ ಗಾಡಿ ನೆಟ್ಟಗೆ ಗಿಡದ ಕಡೆ ಹೊರಡುತ್ತೆ. ಆಗ ಆಕ್ಸಲರೇಟರ್ ಸ್ವಲ್ಪ ಸಡಿಲ ಬಿಟ್ರೆ ಮುಂದಿನ ಭಾಗ ಕೆಳಗೆ ಕೂತು ಕಚ್ಚುತ್ತೆ, ತಿರುಗಿದ್ ಮೇಲೆ ಮತ್ತೆ ಮೆತ್ತಗೆ ಒತ್ತಿ. ಪಕ್ಕದಲ್ಲಿ ಕೂತವ್ರು ಸುಮ್ನೆ ಸವಾರಿಗೆ ಬಂದಿರಲ್ಲ, ಚಕ್ರ ತಿರುಗೋಕೆ ಶುರುವಾದ್ರೆ ಸೀಟಲ್ಲೇ ಕುಪ್ಪಳಿಸಿ ಹಿಂದಕ್ಕೆ ಭಾರ ಹಾಕ್ತಾರೆ, ಅದನ್ನ ಬೌನ್ಸಿಂಗ್ ಅಂತಾರೆ, ನೋಡೋಕೆ ತಮಾಷೆ ಆದ್ರೆ ಎಷ್ಟೋ ಸಲ ಒಂದೆರಡು ಗೂಟ ಮೇಲೆ ಹತ್ತಿಸೋದು ಅದೇ. ರೀಸ್ಟಾರ್ಟ್ ಇರೋ ಸೆಕ್ಷನಲ್ಲಿ ಏರಿನ ಮಧ್ಯೆ ಗೆರೆ ಹಾಕಿರೋ ಕಡೆ ನಿಂತು ಮತ್ತೆ ಹೊರಡಬೇಕು, ಗೆರೆಯೊಳಗೇ ಕಲ್ಲು ಸಿಗೋ ಜಾಗ ನೋಡ್ಕೊಂಡು ಹಿಂದಿನ ಚಕ್ರ ನಿಲ್ಲಿಸಿ.

ಗಾಡಿ ಕೊಳ್ಳೋಕೂ ಮುಂಚೆ ಒಂದೆರಡು ಟ್ರಯಲ್‌ಗೆ ಮಾರ್ಷಲ್ (ಸೆಕ್ಷನ್ ನೋಡ್ಕೊಳ್ಳೋ ಸಹಾಯಕ) ಆಗಿ ಹೋಗಿ ಸೆಕ್ಷನ್ ಪಕ್ಕ ನಿಂತ್ಕೊಳ್ಳಿ, ಒಂದೇ ಗುಡ್ಡವನ್ನ ಬೇರೆಬೇರೆ ಡ್ರೈವರು ಹೆಂಗೆ ಹತ್ತುತ್ತಾರೆ ಅನ್ನೋದು ಅಲ್ಲಿ ಕಂಡಂಗೆ ಇನ್ನೆಲ್ಲೂ ಕಾಣಲ್ಲ. ಶುರುವಿಗೆ ಒಂದೇ ಜಾಗದಲ್ಲಿ ನಡೆಯೋ ಚಿಕ್ಕ ಟ್ರಯಲ್ ಒಳ್ಳೇದು, ನಡ್ಕೊಂಡು ಹೋಗಿ ಸೆಕ್ಷನ್ ನೋಡೋಕೆ ಸಾಮಾನ್ಯವಾಗಿ ಅಲ್ಲಿ ಬಿಡ್ತಾರೆ.

ನಿಂತೋದ್ರೆ ಗಾಬರಿಲಿ ಕ್ಲಚ್ ಒತ್ತಿ ಬ್ರೇಕ್ ಮೇಲೆ ಹಿಂದಕ್ಕೆ ಜಾರ್ಸಬೇಡಿ, ಹಗುರ ಆಗಿರೋ ಮುಂದಿನ ಚಕ್ರ ಲಾಕ್ ಆಗಿ ಸ್ಟಿಯರಿಂಗ್ ಹೋಗುತ್ತೆ, ಗಾಡಿ ಅಡ್ಡ ತಿರುಗುತ್ತೆ. ಬ್ರೇಕ್ ಹಿಡಿದು ನಿಲ್ಲಿ, ಮಾರ್ಷಲ್ ಸಿಗ್ನಲ್ ಕೊಡೋವರೆಗೂ ಕಾಯಿರಿ, ರಿವರ್ಸ್ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಎಂಜಿನ್ ಹಿಡಿತದಲ್ಲೇ ನೇರ ಕೆಳಗಿಳೀರಿ.